ಕಾರ್ಡೋಬಾಕ್ಕೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪೇನ್ ಪ್ರವಾಸದ ಪಟ್ಟಿ ಹಾಕುವಾಗ ಹೆಚ್ಚಿನವರು ಮ್ಯಾಡ್ರಿಡ್, ಬಾರ್ಸಿಲೋನಾ, ಸೆವಿಲ್ ಅಂತ ಬರೆದುಕೊಂಡು, ಮಧ್ಯದಲ್ಲಿ ಅರ್ಧ ದಿನ ಉಳಿದರೆ ಅಲ್ಲಿ ದಕ್ಷಿಣ ಸ್ಪೇನಿನ ಕಾರ್ಡೋಬಾವನ್ನು ತುರುಕುತ್ತಾರೆ. ಆ ಅರ್ಧ ದಿನ ಸಾಲದು ಅನ್ನುವುದು ನನ್ನ ವಾದ. ಕೆಳಗಿನ ಉತ್ತರಗಳನ್ನು ಓದಿ, ನೀವೇ ತೀರ್ಮಾನ ಮಾಡಿ.

ಬೆಳಗ್ಗೆ ಹೋಗಿ ಸಂಜೆ ವಾಪಸ್ ಬಂದರೆ ಆಗಲ್ವಾ?

ಆಗುತ್ತದೆ. ಮೆಸ್ಕೀತಾ ಎಂಬ ದೊಡ್ಡ ಮಸೀದಿ-ಚರ್ಚು ನೋಡಿ, ರೋಮನ್ ಸೇತುವೆ ಮೇಲೆ ಫೋಟೋ ತೆಗೆದು, ಊಟ ಮಾಡಿ ರೈಲು ಹತ್ತಬಹುದು. ತೊಂದರೆ ಏನೆಂದರೆ, ಎಲ್ಲರೂ ಹಾಗೇ ಮಾಡುತ್ತಾರೆ. ಹತ್ತು-ಹನ್ನೊಂದು ಗಂಟೆಗೆ ಬಸ್ಸು, ರೈಲುಗಳಿಂದ ಗುಂಪು ಗುಂಪಾಗಿ ಜನ ಇಳಿಯುತ್ತಾರೆ. ಅವರೆಲ್ಲ ಓಡಾಡುವುದು ಮಸೀದಿಯ ಸುತ್ತಲಿನ ನಾಲ್ಕೈದು ಓಣಿಗಳಲ್ಲೇ. ಸಂಜೆ ಆರಕ್ಕೆ ಎಲ್ಲರೂ ಮಾಯ. ಊರಿನವರು ಹೊರಗೆ ಬರುವುದು ಆಮೇಲೆ. ಮಕ್ಕಳು ಚೌಕಗಳಲ್ಲಿ ಚೆಂಡು ಒದೆಯುತ್ತಾರೆ, ಬಾರುಗಳ ಮುಂದೆ ಮಾತು ಶುರುವಾಗುತ್ತದೆ. ಬೆಳಗಿನ ಎಂಟೂವರೆಗೆ ಮಸೀದಿಯೊಳಗೆ ನಿಲ್ಲುವ ಅವಕಾಶವೂ ಸಲೀಸಾಗಿ ಸಿಗುವುದು ಊರಲ್ಲೇ ತಂಗಿದವರಿಗೆ. ಕನಿಷ್ಠ ಒಂದು ರಾತ್ರಿ ಉಳಿಯಿರಿ. ಎರಡು ರಾತ್ರಿಯಾದರೆ ಇನ್ನೂ ಒಳ್ಳೆಯದು.

ಇಷ್ಟು ಚಿಕ್ಕ ಊರಿಗೆ ಅಷ್ಟು ಹೆಸರು ಹೇಗೆ ಬಂತು?

ಈಗಿನ ಕಾರ್ಡೋಬಾದಲ್ಲಿ ಸುಮಾರು 3.2 ಲಕ್ಷ ಜನ ಇದ್ದಾರೆ, ಅಷ್ಟೇ. ಆದರೆ ಹತ್ತನೇ ಶತಮಾನದಲ್ಲಿ ಇದು ಯುರೋಪಿನ ಅತಿ ದೊಡ್ಡ ನಗರಗಳಲ್ಲಿ ಒಂದು. ಅದಕ್ಕೂ ಮುಂಚೆ ರೋಮನ್ನರ ಬೇಟಿಕಾ ಪ್ರಾಂತ್ಯದ ರಾಜಧಾನಿ. ತತ್ವಜ್ಞಾನಿ ಸೆನೆಕಾ ಹುಟ್ಟಿದ್ದು ಇಲ್ಲೇ. 711ರಲ್ಲಿ ಮುಸ್ಲಿಂ ಸೈನ್ಯ ಊರನ್ನು ಹಿಡಿಯಿತು. ಡಮಾಸ್ಕಸ್‌ನಿಂದ ಆಳುತ್ತಿದ್ದ ಉಮಯ್ಯದ್ ಮನೆತನ ಕೊಲೆಯಾಗಿ ಹೋದಾಗ ತಪ್ಪಿಸಿಕೊಂಡ ರಾಜಕುಮಾರ ಒಂದನೇ ಅಬ್ದುರ್ ರಹಮಾನ್ 756ರಲ್ಲಿ ಇಲ್ಲಿ ತನ್ನದೇ ರಾಜ್ಯ ಕಟ್ಟಿದ. 929ರಲ್ಲಿ ಮೂರನೇ ಅಬ್ದುರ್ ರಹಮಾನ್ ತನ್ನನ್ನು ಖಲೀಫ ಎಂದು ಘೋಷಿಸಿಕೊಂಡ. ನೂರು ವರ್ಷ ಕಳೆಯುವಷ್ಟರಲ್ಲಿ ಒಳಜಗಳದಿಂದ ಎಲ್ಲ ಚೂರಾಯಿತು. 1236ರಲ್ಲಿ ಕ್ರೈಸ್ತ ರಾಜ್ಯವಾದ ಕ್ಯಾಸ್ಟೈಲ್‌ನ ದೊರೆ ಮೂರನೇ ಫರ್ಡಿನೆಂಡ್ ಊರನ್ನು ಗೆದ್ದ. ನೀವು ನೋಡುವ ಪ್ರತಿಯೊಂದು ಗೋಡೆಯೂ ಈ ಸರದಿಯಲ್ಲಿ ಎಲ್ಲೋ ಒಂದು ಕಡೆ ಕೂರುತ್ತದೆ.

ಯುನೆಸ್ಕೊ ಪಟ್ಟಿಯಲ್ಲಿ ಈ ಊರಿನ ಹೆಸರು ಮತ್ತೆ ಮತ್ತೆ ಬರುತ್ತದೆ. 1984ರಲ್ಲಿ ಮಸೀದಿ ಸೇರಿತು, 1994ರಲ್ಲಿ ಸುತ್ತಲಿನ ಹಳೇ ಊರು, 2012ರಲ್ಲಿ ಅಂಗಳಗಳ ಹಬ್ಬ, 2018ರಲ್ಲಿ ಊರ ಹೊರಗಿನ ಹಾಳು ಅರಮನೆ ನಗರ ಮದೀನಾ ಅಸಹಾರಾ.

ಮೆಸ್ಕೀತಾ ಅನ್ನುವುದು ಮಸೀದಿಯಾ, ಚರ್ಚಾ?

ಕಟ್ಟಿದ್ದು ಮಸೀದಿ. ಈಗ ಕ್ಯಾಥೊಲಿಕ್ ಕ್ಯಾಥೆಡ್ರಲ್. ದಿನಾ ಪೂಜೆ ನಡೆಯುತ್ತದೆ. ಮುಸ್ಲಿಮರು ಒಳಗೆ ನಮಾಜು ಮಾಡುವಂತಿಲ್ಲ. ಊರಿನವರಿಗೆ ಮಾತ್ರ ಅದು ಸುಮ್ನೆ 'ಲಾ ಮೆಸ್ಕೀತಾ'. ಈ ಕಟ್ಟಡ ಯಾರದ್ದು ಅನ್ನುವ ಜಗಳ ಇನ್ನೂ ಆರಿಲ್ಲ. 2006ರಲ್ಲಿ ಚರ್ಚು 30 ಯೂರೊ ಶುಲ್ಕ ಕಟ್ಟಿ ಇದನ್ನು ತನ್ನ ಹೆಸರಿಗೆ ನೋಂದಣಿ ಮಾಡಿಸಿಕೊಂಡಿತು. ಆ ಮೊತ್ತವನ್ನು ಊರಿನ ಟೀಕಾಕಾರರು ಇವತ್ತಿಗೂ ಎತ್ತಿ ಆಡುತ್ತಾರೆ.

ಕಟ್ಟಡ ಶುರುವಾಗಿದ್ದು 785ರ ಸುಮಾರಿಗೆ. ಆಮೇಲೆ ಇನ್ನೂರು ವರ್ಷಗಳಲ್ಲಿ ಮೂರು ಸಲ ದೊಡ್ಡದಾಗಿ ಬೆಳೆಸಿದರು. ಈಗ ಒಳಗೆ 856 ಕಂಬಗಳಿವೆ. ಮೊದಲ ಕಂಬಗಳನ್ನು ಹಳೆಯ ರೋಮನ್ ಕಟ್ಟಡಗಳಿಂದ ಮತ್ತು ರೋಮನ್ನರ ನಂತರ ಆಳಿದ ವಿಸಿಗಾಥ್ ಜನರ ಕಟ್ಟಡಗಳಿಂದ ಕಿತ್ತು ತಂದರು. ಅದಕ್ಕೇ ಒಂದಕ್ಕೊಂದು ಬಣ್ಣ ಹೊಂದುವುದಿಲ್ಲ, ಮೇಲಿನ ಬೋದಿಗೆಗಳೂ ಬೇರೆ ಬೇರೆ. ಆ ಕಂಬಗಳು ಗಿಡ್ಡ. ಅಷ್ಟು ದೊಡ್ಡ ಕಟ್ಟಡಕ್ಕೆ ಚಾವಣಿ ತೀರಾ ತಗ್ಗಾಗುತ್ತಿತ್ತು. ಅದಕ್ಕೆ ಅವರು ಕಮಾನಿನ ಮೇಲೆ ಇನ್ನೊಂದು ಕಮಾನು ಕಟ್ಟಿ ಎತ್ತರ ಹೆಚ್ಚಿಸಿದರು. ಕ್ಯಾಲೆಂಡರುಗಳಲ್ಲಿ ಕಾಣುವ ಆ ಕೆಂಪು-ಬಿಳಿ ಜೋಡಿ ಕಮಾನು ಹುಟ್ಟಿದ್ದು ಹೀಗೆ.

ಒಳಗೆ ಹೋದಾಗ ಒಂದು ಕೆಲಸ ಮಾಡಿ. ಹಳೆಯ ಭಾಗದ ಕಮಾನನ್ನು ಹತ್ತಿರದಿಂದ ನೋಡಿ. ಕೆಂಪು ಇರುವಲ್ಲಿ ನಿಜವಾದ ಇಟ್ಟಿಗೆ, ಬಿಳಿ ಇರುವಲ್ಲಿ ಕಲ್ಲು. ಆಮೇಲೆ ಪೂರ್ವದ ಭಾಗಕ್ಕೆ ಬನ್ನಿ. ಅದು 987ರ ಸುಮಾರಿಗೆ ಅಲ್ಮನ್ಸೂರ್ ಎಂಬ ಮಂತ್ರಿ ಸೇರಿಸಿದ್ದು. ಅಲ್ಲಿ ಎಲ್ಲವೂ ಕಲ್ಲೇ, ಕೆಂಪು ಬರೀ ಬಣ್ಣ. ದಕ್ಷಿಣಕ್ಕೆ ನದಿ ಅಡ್ಡ ಇದ್ದದ್ದರಿಂದ ಆತ ಪಕ್ಕಕ್ಕೆ ಬೆಳೆಸಿದ. ಹಾಗಾಗಿ ಮೆಕ್ಕಾ ದಿಕ್ಕು ತೋರಿಸುವ ಮಿಹ್ರಾಬ್ ಗೂಡು ಈಗ ಕಟ್ಟಡದ ನಡುವಿನಲ್ಲಿಲ್ಲ. ಆ ಗೂಡಿನ ಬಂಗಾರದ ಮೊಸಾಯಿಕ್ ಕೆಲಸಕ್ಕೆ ಬೈಜಾಂಟಿಯಂ (ಪೂರ್ವ ರೋಮನ್ ಸಾಮ್ರಾಜ್ಯ) ಚಕ್ರವರ್ತಿಯೇ ಕುಶಲಕರ್ಮಿಯನ್ನೂ ಗಾಜಿನ ಹರಳುಗಳನ್ನೂ ಕಳಿಸಿಕೊಟ್ಟ ಅಂತ ಹಳೇ ಬರಹಗಳು ಹೇಳುತ್ತವೆ.

ಕಂಬಗಳ ನಡುವೆ ನಡೆಯುತ್ತಿದ್ದ ಹಾಗೇ ಇದ್ದಕ್ಕಿದ್ದಂತೆ ಬೆಳಕು ಸುರಿಯುವ, ಎತ್ತರದ ಬಿಳಿ ಚರ್ಚು ಎದುರಾಗುತ್ತದೆ. 1523ರಲ್ಲಿ ಬಿಷಪ್ ಅಲೋನ್ಸೊ ಮನ್ರೀಕೆ ಮಸೀದಿಯ ಹೊಟ್ಟೆ ಬಗೆದು ಅದನ್ನು ಕಟ್ಟಲು ಹೊರಟಾಗ ನಗರ ಸಭೆ ಕೆರಳಿತು. ಒಡೆಯುವ ಕೆಲಸಕ್ಕೆ ಕೈ ಹಾಕಿದವರಿಗೆ ಮರಣದಂಡನೆ ಅಂತ ಸಾರಿತು. ದೊರೆ ಐದನೇ ಚಾರ್ಲ್ಸ್ ಬಿಷಪ್ ಪರ ನಿಂತ. ಆಮೇಲೆ ಕಣ್ಣಾರೆ ನೋಡಿ ಪಶ್ಚಾತ್ತಾಪ ಪಟ್ಟ ಅನ್ನುವುದು ಊರಿನ ಕಥೆ. ನನ್ನ ಮಟ್ಟಿಗೆ ಆ ಚರ್ಚು ಬೇರೆ ಎಲ್ಲಾದರೂ ಇದ್ದಿದ್ದರೆ ಚೆಂದ. ಆದರೆ ಅದು ಒಳಗೆ ಕೂತದ್ದರಿಂದಲೇ ಮಸೀದಿ ಪೂರ್ತಿ ಕೆಡವದೆ ಉಳಿಯಿತು ಅನ್ನುವವರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ.

ಗಂಟೆಗಳ ಕಥೆಯನ್ನೂ ಹೇಳಬೇಕು. 997ರಲ್ಲಿ ಅಲ್ಮನ್ಸೂರ್ ಉತ್ತರ ಸ್ಪೇನಿನ ಕ್ರೈಸ್ತ ತೀರ್ಥಕ್ಷೇತ್ರ ಸಾಂತಿಯಾಗೊ ದೆ ಕೊಂಪೊಸ್ತೇಲಾದ ಚರ್ಚನ್ನು ಲೂಟಿ ಮಾಡಿ, ಅದರ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಇಲ್ಲಿಗೆ ಹೊರಿಸಿ ತಂದನಂತೆ. 1236ರಲ್ಲಿ ಫರ್ಡಿನೆಂಡ್ ಅವನ್ನೇ ಮುಸ್ಲಿಂ ಸೆರೆಯಾಳುಗಳ ಹೆಗಲ ಮೇಲೆ ವಾಪಸ್ ಕಳಿಸಿದನಂತೆ.

ಮೆಸ್ಕೀತಾದಲ್ಲಿ ಬೆಂಕಿ ಬಿದ್ದಿತ್ತಲ್ಲ, ಈಗ ನೋಡಲು ಬಿಡುತ್ತಾರಾ?

ಬಿಡುತ್ತಾರೆ. 2025ರ ಆಗಸ್ಟ್ 8ರ ರಾತ್ರಿ ಒಂದು ಮೂಲೆಯಲ್ಲಿರುವ ಸಣ್ಣ ಪ್ರಾರ್ಥನಾ ಕೋಣೆ, ಅಂದರೆ ಚಾಪೆಲ್‌ನಲ್ಲಿ ಬೆಂಕಿ ಹೊತ್ತಿಕೊಂಡು ಅದರ ಚಾವಣಿ ಕುಸಿಯಿತು. ಮುಖ್ಯ ಕಟ್ಟಡ ಉಳಿಯಿತು. ಮರುದಿನವೇ ಬಾಗಿಲು ತೆರೆದರು.

ಮೆಸ್ಕೀತಾಕ್ಕೆ ಟಿಕೆಟ್ ಮುಂಚೆ ತೆಗೆದುಕೊಳ್ಳಬೇಕಾ? ಪುಕ್ಕಟೆ ಹೊತ್ತು ಇದೆಯಂತೆ?

ಇದೆ. ಭಾನುವಾರ ಬಿಟ್ಟು ಉಳಿದ ದಿನ ಬೆಳಗ್ಗೆ 8.30ರಿಂದ 9.30ರವರೆಗೆ ಬಿಡಿಬಿಡಿಯಾಗಿ ಬರುವವರಿಗೆ ಪ್ರವೇಶ ಉಚಿತ. ಗೈಡ್ ಜೊತೆಗಿನ ಗುಂಪುಗಳಿಗೆ ಆ ಹೊತ್ತಲ್ಲಿ ಪ್ರವೇಶವಿಲ್ಲ. ದುಡ್ಡು ಉಳಿಯುವುದಕ್ಕಿಂತ ಗದ್ದಲ ಇಲ್ಲದಿರುವುದೇ ದೊಡ್ಡ ಲಾಭ. ಒಂಬತ್ತೂವರೆಗೆ ಹೊರಗೆ ಕಳಿಸುತ್ತಾರೆ. ಧಾರ್ಮಿಕ ಹಬ್ಬಗಳ ದಿನ ಸಮಯ ಬದಲಾಗುತ್ತದೆ, ಹೋಗುವ ವಾರ ಅಧಿಕೃತ ವೆಬ್‌ಸೈಟ್ ನೋಡಿ. ಈಸ್ಟರ್‌ನಲ್ಲಿ ಮತ್ತು ಮೇ ತಿಂಗಳಲ್ಲಿ ಹೋಗುವವರು ಟಿಕೆಟನ್ನು ಆನ್‌ಲೈನ್‌ನಲ್ಲೇ ತೆಗೆದುಕೊಳ್ಳುವುದು ಒಳ್ಳೆಯದು. ಗಂಟೆ ಗೋಪುರಕ್ಕೆ ಬೇರೆ ಟಿಕೆಟ್, ಅದಕ್ಕೆ ಸಮಯ ಗೊತ್ತುಮಾಡಿ ಬಿಡುತ್ತಾರೆ. ಹಳೇ ಮಿನಾರಿನ ಉಳಿಕೆ ಈ ಗೋಪುರದೊಳಗೇ ಅಡಗಿದೆ. ಕಿತ್ತಳೆ ಮರಗಳ ಅಂಗಳಕ್ಕೆ ಟಿಕೆಟ್ ಬೇಡ. ಗಂಡಸರು ಒಳಗೆ ಟೋಪಿ ತೆಗೆಯಬೇಕು.

ಮೇ ತಿಂಗಳ ಅಂಗಳದ ಹಬ್ಬ ಅಂದರೆ ಏನು?

ಕಾರ್ಡೋಬಾದ ಬೇಸಿಗೆ ಸುಡುತ್ತದೆ. ಅದಕ್ಕೆ ರೋಮನ್ನರ ಕಾಲದಿಂದಲೂ ಇಲ್ಲಿನ ಮನೆಗಳು ಬೀದಿಗೆ ಬೆನ್ನು ಹಾಕಿ, ಒಳಗಿನ ಅಂಗಳದ ಕಡೆ ಮುಖ ಮಾಡಿವೆ. ತೊಟ್ಟಿ ಮನೆ ನೋಡಿದ ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಿಲ್ಲ. ನಡುವೆ ಬಯಲು, ಒಂದು ಬಾವಿ ಇಲ್ಲವೇ ಕಾರಂಜಿ, ಸುಣ್ಣ ಬಳಿದ ಗೋಡೆ, ಗೋಡೆ ತುಂಬ ಹೂ ಕುಂಡ. ಶ್ರೀಮಂತರ ಮನೆಗಳಷ್ಟೇ ಅಲ್ಲ, ಹಲವು ಬಡ ಕುಟುಂಬಗಳು ಒಂದೇ ಅಂಗಳದ ಸುತ್ತ ಒಂದೊಂದು ಕೋಣೆಯಲ್ಲಿ ಇದ್ದು, ಬಾವಿ, ಬಟ್ಟೆ ಒಗೆಯುವ ಜಾಗ ಹಂಚಿಕೊಂಡು ಬದುಕಿದ ವಠಾರಗಳೂ ಇದ್ದವು. ಇವತ್ತಿನ ಹೆಸರಾದ ಅಂಗಳಗಳಲ್ಲಿ ಅಂಥವೂ ಇವೆ.

ನಗರ ಸಭೆ 1921ರಲ್ಲಿ ಮೊದಲ ಸಲ ಅಂಗಳಗಳ ಸ್ಪರ್ಧೆ ಇಟ್ಟಿತು. ಈಗ ಪ್ರತಿ ವರ್ಷ ಮೇ ಮೊದಲ ಎರಡು ವಾರಗಳ ಆಸುಪಾಸಿನಲ್ಲಿ ಸ್ಪರ್ಧೆಗಿಳಿದ ಮನೆಗಳು ಬಾಗಿಲು ತೆರೆಯುತ್ತವೆ. ಪ್ರವೇಶ ಉಚಿತ. ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚಿ ಸಂಜೆ ಮತ್ತೆ ತೆರೆಯುತ್ತಾರೆ. ಜೆರೇನಿಯಂ, ಕಾರ್ನೇಷನ್, ಮಲ್ಲಿಗೆ, ಬೋಗನ್‌ವಿಲ್ಲಾ, ಒಂದೇ ಬಣ್ಣ ಬಳಿದ ಕುಂಡಗಳು. ಎತ್ತರದ ಕುಂಡಗಳಿಗೆ ನೀರುಣಿಸಲು ಉದ್ದ ಕೋಲಿನ ತುದಿಗೆ ಡಬ್ಬಿ ಕಟ್ಟಿಕೊಳ್ಳುತ್ತಾರೆ. ಹಾಗೆ ನೀರು ಹಾಕುವ ಹೆಂಗಸಿನ ಕಂಚಿನ ಪ್ರತಿಮೆಯೊಂದು ಪ್ಯೂರ್ತಾ ದೆಲ್ ರಿಂಕೋನ್ ಎಂಬಲ್ಲಿ ನಿಂತಿದೆ. ಇಷ್ಟು ಕೂಲಿಯಿಲ್ಲದ ದುಡಿಮೆಗೆ ಒಂದು ಪ್ರತಿಮೆ ಕಡಿಮೆಯೇ ಆಯಿತು.

ಎಲ್ಲರೂ ಹೋಗುವುದು ಅಲ್ಕಾಸರ್ ಅರಮನೆ ಪಕ್ಕದ ಸಾನ್ ಬಸೀಲಿಯೊ ಬಡಾವಣೆಗೆ. ಅಂಗಳಗಳೇನೋ ಚೆನ್ನಾಗಿವೆ, ಆದರೆ ಶನಿವಾರ-ಭಾನುವಾರ ಸರತಿ ಸಾಲು ಬೀದಿ ದಾಟಿರುತ್ತದೆ. ವಾರದ ದಿನ ಸಾಂತಾ ಮರೀನಾ, ಸಾನ್ ಲೊರೆನ್ಸೊ ಕಡೆ ಹೋಗಿ. ಅಲ್ಲಿ ಮನೆಯವರಿಗೆ ನಿಮ್ಮ ಜೊತೆ ಮಾತಾಡಲು ಪುರುಸೊತ್ತು ಇರುತ್ತದೆ. ಇವು ಜನ ವಾಸಿಸುವ ಮನೆಗಳು ಅನ್ನುವುದು ನೆನಪಿರಲಿ. ಹೂ ಕೀಳಬೇಡಿ, ಫೋಟೋಗಾಗಿ ದಾರಿ ಕಟ್ಟಬೇಡಿ, ಹೋಗುವಾಗ ಒಂದು 'ಗ್ರಾಸಿಯಾಸ್', ಅಂದರೆ ಧನ್ಯವಾದ, ಹೇಳಿ.

ಮೇ ತಿಂಗಳಲ್ಲಿ ಹೋಗಲಾಗದವರು ಏನು ಮಾಡಬೇಕು?

ವಿಯಾನಾ ಅರಮನೆಗೆ ಹೋಗಿ. ಅಲ್ಲಿ ಒಂದೇ ಕಟ್ಟಡದಲ್ಲಿ ಹನ್ನೆರಡು ಅಂಗಳಗಳಿವೆ, ವರ್ಷವಿಡೀ ನೋಡಬಹುದು. ಸಾನ್ ಬಸೀಲಿಯೊದ ಕೆಲವು ಮನೆಗಳೂ ಬೇರೆ ತಿಂಗಳುಗಳಲ್ಲಿ ಟಿಕೆಟ್ ಇಟ್ಟು ತೋರಿಸುತ್ತವೆ.

ಬೇರೆ ಯಾವ ಹಬ್ಬಗಳಿವೆ?

ಮೇ ಶುರುವಾಗುವ ಹೊತ್ತಿಗೆ ಚೌಕಗಳಲ್ಲಿ ಆಳೆತ್ತರ ಮೀರಿದ ಹೂವಿನ ಶಿಲುಬೆಗಳನ್ನು ನಿಲ್ಲಿಸಿ, ಪಕ್ಕದಲ್ಲೇ ಹಾಡು, ಕುಣಿತ, ಕುಡಿತ ನಡೆಸುತ್ತಾರೆ. ತಿಂಗಳ ಕೊನೆಗೆ ದೊಡ್ಡ ಜಾತ್ರೆ, ಅದರ ಹೆಸರು ಫೇರಿಯಾ. ಸೆವಿಲ್‌ನ ಜಾತ್ರೆ ಹೆಚ್ಚು ಪ್ರಸಿದ್ಧ. ಆದರೆ ಅಲ್ಲಿ ಹೆಚ್ಚಿನ ಡೇರೆಗಳು ಖಾಸಗಿ, ಪರಿಚಯ ಇಲ್ಲದವರು ಹೊರಗೇ ನಿಲ್ಲಬೇಕು. ಕಾರ್ಡೋಬಾದಲ್ಲಿ ಡೇರೆಗಳು ಎಲ್ಲರಿಗೂ ತೆರೆದಿರುತ್ತವೆ. ಹೊರಗಿನಿಂದ ಹೋಗುವ ನಮ್ಮಂಥವರಿಗೆ ಇದೇ ಸರಿ ಅಲ್ವಾ?

ಈಸ್ಟರ್ ಹಿಂದಿನ ಪವಿತ್ರ ವಾರದಲ್ಲಿ ದೇವರ ಭಾರೀ ಪೀಠಗಳನ್ನು ಹೆಗಲ ಮೇಲೆ ಹೊತ್ತ ಮೆರವಣಿಗೆಗಳು ಮೆಸ್ಕೀತಾದ ಕಡೆ ಬರುತ್ತವೆ. ಚೂಪು ಮುಸುಕು ಹಾಕಿದವರನ್ನು ಕಂಡು ಗಾಬರಿ ಬೇಡ. ಅದು ಪ್ರಾಯಶ್ಚಿತ್ತದ ಹಳೇ ಉಡುಗೆ. ಆ ವಾರ ಕೋಣೆ ಬಾಡಿಗೆ ಏರುತ್ತದೆ, ಬೀದಿಗಳು ಮುಚ್ಚಿರುತ್ತವೆ. ಜುಲೈನಲ್ಲಿ ಗಿಟಾರ್ ಉತ್ಸವ ಇದೆ.

ನಮ್ಮ ಮಕ್ಕಳ ಬೇಸಿಗೆ ರಜೆ ಏಪ್ರಿಲ್-ಮೇ. ಜುಲೈ-ಆಗಸ್ಟ್ ಹೇಗೆ?

ಏಪ್ರಿಲ್, ಮೇ ಇಲ್ಲಿಗೆ ಬರಲು ಒಳ್ಳೇ ಕಾಲ. ಈ ವಿಷಯದಲ್ಲಿ ನಮ್ಮ ಶಾಲೆಗಳ ರಜೆ ಅದೃಷ್ಟವಶಾತ್ ಹೊಂದಿಕೊಂಡಿದೆ. ಜುಲೈ-ಆಗಸ್ಟ್ ಬೇಡ. 40 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. 2021ರ ಆಗಸ್ಟ್‌ನಲ್ಲಿ ಇದೇ ಪ್ರಾಂತ್ಯದ ಲಾ ರಾಂಬ್ಲಾದಲ್ಲಿ 47.6 ಡಿಗ್ರಿ ದಾಖಲಾಯಿತು. ರಾಯಚೂರು, ಕಲಬುರಗಿಯವರು "ನಮಗೇನು ಹೊಸದಾ" ಅನ್ನಬಹುದು. ಆದರೆ ರಜೆಯಲ್ಲಿ ಆ ಬಿಸಿಲಿಗೆ ಕಲ್ಲುಹಾಸಿನ ಮೇಲೆ ನಡೆಯುವುದೇ ಬೇರೆ. ಅಕ್ಟೋಬರ್, ನವೆಂಬರ್ ಕೂಡ ಹಿತ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಹೆಚ್ಚು ಬರುವ ಪ್ರಶ್ನೆ ಇದೇ. ಸಿಗುತ್ತದೆ, ಆದರೆ ಬಾಯಿ ಬಿಟ್ಟು ಕೇಳಬೇಕು.

ಊರಿನ ಹೆಮ್ಮೆಯ ಖಾದ್ಯ ಸಾಲ್ಮೊರೆಹೊ. ಟೊಮೆಟೊ, ಹಳೇ ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಉಪ್ಪು ಇಷ್ಟನ್ನೇ ನುಣ್ಣಗೆ ರುಬ್ಬಿ ತಣ್ಣಗೆ ಕೊಡುತ್ತಾರೆ. ಒಲೆ ಹಚ್ಚುವ ಕೆಲಸವೇ ಇಲ್ಲ. ಬ್ರೆಡ್ಡು ಜಾಸ್ತಿ ಇರುವುದರಿಂದ ಗಟ್ಟಿ, ಹೊಟ್ಟೆ ತುಂಬುತ್ತದೆ. ಅಪಾಯ ಇರುವುದು ಮೇಲಿನ ಅಲಂಕಾರದಲ್ಲಿ. ಬೇಯಿಸಿದ ಮೊಟ್ಟೆ ಮತ್ತು ಹಾಮೋನ್ ಎಂಬ ಒಣ ಹಂದಿಮಾಂಸದ ಚೂರುಗಳನ್ನು ಉದುರಿಸುತ್ತಾರೆ. ಕೊನೆಗೆ ಹಾಕುವ ಪದಾರ್ಥ ಆದ್ದರಿಂದ ಮುಂಚೆಯೇ ಹೇಳಿದರೆ ಬಿಡುತ್ತಾರೆ. ಟೊಮೆಟೊ ಅಮೆರಿಕದಿಂದ ಬರುವ ಮುಂಚಿನ ಬಗೆಯ ಒಂದು ತಣ್ಣನೆ ರುಬ್ಬೂ ಇದೆ. ಅದರ ಹೆಸರು ಮಸಮೋರಾ. ಬಾದಾಮಿ, ಬ್ರೆಡ್ಡು, ಬೆಳ್ಳುಳ್ಳಿ ಹಾಕಿದ ಬಿಳಿ ರುಬ್ಬು. ಸಿಕ್ಕಿದರೆ ಬಿಡಬೇಡಿ.

ಎರಡನೆಯದು ಬದನೆಕಾಯಿ. ತೆಳ್ಳಗೆ ಕೊಯ್ದು, ಹಿಟ್ಟಿನಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಕರಿದು, ಮೇಲೆ ಕಬ್ಬಿನ ಕಪ್ಪು ಪಾಕ ಸುರಿಯುತ್ತಾರೆ. ಹೆಸರಲ್ಲಿ 'ಮಿಯೆಲ್', ಅಂದರೆ ಜೇನು ಅಂತ ಇದ್ದರೂ ಅದು ಜೇನಲ್ಲ, ಹೆಚ್ಚುಕಡಿಮೆ ಜೋನಿ ಬೆಲ್ಲವೇ. ಬದನೆಯೂ ಕಬ್ಬೂ ನಮ್ಮ ಕಡೆಯಿಂದ ಪರ್ಷಿಯಾ ದಾಟಿ, ಅರಬ್ಬರ ಕೈಯಲ್ಲಿ ಅಂದಲೂಸಿಯಾ, ಅಂದರೆ ಈ ದಕ್ಷಿಣ ಸ್ಪೇನ್ ತಲುಪಿದ ಬೆಳೆಗಳು. ಸಾವಿರ ವರ್ಷದ ಹಿಂದೆ ಹೋದ ನೆಂಟರನ್ನು ತಟ್ಟೆಯಲ್ಲಿ ಭೇಟಿ ಮಾಡಿದಂತಾಯಿತು. ಕಟ್ಟುನಿಟ್ಟಿನವರಿಗೆ ಒಂದು ಎಚ್ಚರಿಕೆ: ಮೀನು, ಮಾಂಸ ಕರಿದ ಎಣ್ಣೆಯಲ್ಲೇ ಇದನ್ನೂ ಕರಿಯುವ ಸಾಧ್ಯತೆ ಹೆಚ್ಚು.

ಬೆಳಗಿನ ತಿಂಡಿ ಸುಲಭ. ಸುಟ್ಟ ಬ್ರೆಡ್ಡಿನ ಮೇಲೆ ತುರಿದ ಟೊಮೆಟೊ, ಆಲಿವ್ ಎಣ್ಣೆ, ಜೊತೆಗೆ ಕಾಫಿ. ಎಣ್ಣೆ ಅಂತ ಮೂಗು ಮುರಿಯಬೇಡಿ. ಇದೇ ಪ್ರಾಂತ್ಯದ ಬಯೇನಾ, ಪ್ರಿಯೇಗೊ ಊರುಗಳು ಆಲಿವ್ ಎಣ್ಣೆಗೇ ಹೆಸರಾದವು. ಮೊಟ್ಟೆ ತಿನ್ನುವವರಾದರೆ ಆಲೂಗಡ್ಡೆ ತೊರ್ತಿಯಾ, ಅಂದರೆ ದಪ್ಪ ಆಮ್ಲೆಟ್ ಇದ್ದೇ ಇದೆ. ಪಾಲಕ್-ಕಡಲೆ, ಬೇಳೆಯ ಸಾರು ಕಂಡಾಗ ಹಿಗ್ಗಬೇಡಿ, ಒಳಗೆ ಮಾಂಸದ ರಸ ಇರಬಹುದು. ಪಾಸ್ತೆಲ್ ಕೊರ್ದೊಬೇಸ್ ಎಂಬ ಪದರ ಪದರದ ಸಿಹಿಯ ಒಳಗಿನ ಹೂರಣ ಒಂದು ಜಾತಿ ಕುಂಬಳದ್ದು. ಆದರೆ ಹಿಟ್ಟಿಗೆ ಹಂದಿ ಕೊಬ್ಬು ಬೆರೆಸುವುದು ಹಳೇ ಪದ್ಧತಿ, ಕೆಲವು ಕಡೆ ಹೂರಣಕ್ಕೆ ಹಾಮೋನ್ ಕೂಡ ಸೇರುತ್ತದೆ. ಸಿಹಿತಿಂಡಿಯಲ್ಲಿ ಮಾಂಸ ಇದೆಯಾ ಅಂತ ಕೇಳಬೇಕಾದ ಊರು ಇದು!

'ನಾನು ಸಸ್ಯಾಹಾರಿ' ಅಂದರೆ ಸಾಲದು. ಸಲಾಡ್ ಮೇಲೆ ಟ್ಯೂನಾ ಮೀನು ಬಂದು ಕೂರುತ್ತದೆ. ಒಂದೊಂದೇ ಹೆಸರು ಹೇಳಿ: ಸಿನ್ ಕಾರ್ನೆ, ಮಾಂಸ ಬೇಡ. ಸಿನ್ ಹಾಮೋನ್, ಹಾಮೋನ್ ಬೇಡ. ಸಿನ್ ಪೆಸ್ಕಾದೊ, ಮೀನು ಬೇಡ. ಸಿನ್ ಆತೂನ್, ಟ್ಯೂನಾ ಬೇಡ. ಸಿನ್ ವೇವೊ, ಮೊಟ್ಟೆ ಬೇಡ. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟವರಿಗೆ ಹೋಟೆಲ್ ಊಟ ಕಷ್ಟ. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯಿರಿ.

ಮಾಂಸ ತಿನ್ನುವವರು ಏನು ಕೇಳಬೇಕು?

ರಾಬೊ ದೆ ತೋರೊ, ಅಂದರೆ ಗೂಳಿ ಬಾಲವನ್ನು ವೈನ್‌ನಲ್ಲಿ ನಿಧಾನಕ್ಕೆ ಬೇಯಿಸಿದ್ದು. ಫ್ಲಮೆಂಕೀನ್, ಅಂದರೆ ಹಂದಿಮಾಂಸದಲ್ಲಿ ಹಾಮೋನ್ ಸುತ್ತಿ ಕರಿದ ಉದ್ದನೆ ಸುರುಳಿ. ಒಂದನ್ನು ಇಬ್ಬರು ಹಂಚಿಕೊಳ್ಳಿ. ವಸಂತದಲ್ಲಿ ಬೀದಿ ಅಂಗಡಿಗಳಲ್ಲಿ ಬಸವನಹುಳು ಸಾರು ಸಿಗುತ್ತದೆ. ಧೈರ್ಯ ನಿಮ್ಮದು. ವೈನ್ ಕುಡಿಯುವವರು ಪಕ್ಕದ ಮೊಂತಿಯಾ-ಮೊರೀಲೆಸ್ ಪ್ರದೇಶದ ಸಿಹಿಯಿಲ್ಲದ ಫೀನೊ ವೈನ್ ಕೇಳಿ. ಊಟದ ಕೊನೆಗೆ ಕಪ್ಪಗೆ, ಗಟ್ಟಿಯಾಗಿ, ದ್ರಾಕ್ಷಿ ಪಾಕದ ಹಾಗಿರುವ ಪೆದ್ರೊ ಹಿಮೇನೆಸ್ ಎಂಬ ಸಿಹಿ ವೈನ್.

ಸಂಜೆ ಏಳಕ್ಕೆ ಊಟ ಸಿಗುತ್ತಾ?

ಇಲ್ಲ. ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿ ಊಟ ಒಂಬತ್ತರ ನಂತರ. ಎರಡರಿಂದ ಐದರವರೆಗೆ ಸಣ್ಣ ಅಂಗಡಿಗಳೂ ಬಾಗಿಲು ಹಾಕುತ್ತವೆ. ಮಕ್ಕಳು, ಹಿರಿಯರು ಜೊತೆಗಿದ್ದರೆ ಚೀಲದಲ್ಲಿ ಏನಾದರೂ ಇರಲಿ. ನಲ್ಲಿ ನೀರು ಕುಡಿಯಬಹುದು.

ಯಹೂದಿ ಕೇರಿಯಲ್ಲಿ ಏನಿದೆ?

ಮಸೀದಿಯ ಪಕ್ಕದ ಇಕ್ಕಟ್ಟಾದ ಬಿಳಿ ಓಣಿಗಳೇ ಹುದೇರಿಯಾ. 1315ರ ಪುಟ್ಟ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಅಲ್ಲಿದೆ. 1492ರಲ್ಲಿ ಯಹೂದಿಗಳನ್ನು ದೇಶದಿಂದ ಹೊರಹಾಕಿದ ಮೇಲೆ ಅದು ಆಸ್ಪತ್ರೆಯಾಯಿತು, ಆಮೇಲೆ ಚಮ್ಮಾರರ ಸಂಘದ ಚಾಪೆಲ್ ಆಯಿತು. 1884ರಲ್ಲಿ ಗಾರೆ ಉದುರಿದಾಗ ಒಳಗಿನ ಹೀಬ್ರೂ ಬರಹ ಮತ್ತೆ ಕಂಡಿತು. ಹತ್ತು ನಿಮಿಷದಲ್ಲಿ ನೋಡಿ ಮುಗಿಯುವ ಜಾಗ, ಬಿಡಬೇಡಿ. ಯಹೂದಿ ತತ್ವಜ್ಞಾನಿ ಮೈಮೊನಿಡೀಸ್ ಮತ್ತು ಮುಸ್ಲಿಂ ತತ್ವಜ್ಞಾನಿ ಇಬ್ನ್ ರುಶ್ದ್ ಇಬ್ಬರೂ ಹನ್ನೆರಡನೇ ಶತಮಾನದಲ್ಲಿ ಇದೇ ಊರಲ್ಲಿ ಹುಟ್ಟಿದವರು. ಹಾಗಂತ ಮೂರು ಧರ್ಮದವರು ಇಲ್ಲಿ ಸದಾ ಅಣ್ಣತಮ್ಮಂದಿರ ಹಾಗೆ ಇದ್ದರು ಅನ್ನುವ ಗೈಡ್‌ಗಳ ಮಾತನ್ನು ಪೂರ್ತಿ ನಂಬಬೇಡಿ. ಉತ್ತರ ಆಫ್ರಿಕಾದ ಕಟ್ಟಾ ಮುಸ್ಲಿಂ ಅರಸು ಮನೆತನವಾದ ಅಲ್ಮೊಹದ್‌ರು ಬಂದ ಮೇಲೆ ಮೈಮೊನಿಡೀಸ್‌ನ ಕುಟುಂಬ ಊರು ಬಿಡಬೇಕಾಯಿತು. ಇಬ್ನ್ ರುಶ್ದ್ ಕೂಡ ಕೊನೆಗಾಲದಲ್ಲಿ ಗಡೀಪಾರಾದ.

ಮದೀನಾ ಅಸಹಾರಾ ನೋಡಲೇಬೇಕಾ?

ಎರಡನೇ ದಿನ ಇದ್ದರೆ ಖಂಡಿತ. ಊರಿಂದ ಪಶ್ಚಿಮಕ್ಕೆ ಸುಮಾರು 8 ಕಿಲೋಮೀಟರ್. ಮೂರನೇ ಅಬ್ದುರ್ ರಹಮಾನ್ 936ರ ಸುಮಾರಿಗೆ ಬೆಟ್ಟದ ಇಳಿಜಾರಿನಲ್ಲಿ ಮೂರು ಹಂತಗಳಲ್ಲಿ ಕಟ್ಟಿಸಿದ ಅರಮನೆ ನಗರ. ನೂರು ವರ್ಷವೂ ಬಾಳಲಿಲ್ಲ, 1010ರ ಹೊತ್ತಿಗೆ ಒಳಯುದ್ಧದಲ್ಲಿ ಲೂಟಿಯಾಯಿತು. ಇವತ್ತಿನವರೆಗೆ ಅಗೆದು ತೆಗೆದದ್ದು ಸುಮಾರು ಹತ್ತನೇ ಒಂದು ಭಾಗ ಮಾತ್ರ. ಮೊದಲು ಮ್ಯೂಸಿಯಂ ನೋಡಿ, ಆಮೇಲೆ ಮೇಲಕ್ಕೆ ಹೋಗಿ. ಇಲ್ಲದಿದ್ದರೆ ಬರೀ ಮುರಿದ ಗೋಡೆ ಅನ್ನಿಸುತ್ತದೆ. ನೆರಳು ಕಡಿಮೆ. ಸೋಮವಾರ ರಜೆ.

ಕೊಲಂಬಸ್‌ಗೂ ಈ ಊರಿಗೂ ಏನು ನಂಟು?

1486ರಲ್ಲಿ ಆತ ರಾಣಿ ಇಸಬೆಲ್ ಮತ್ತು ದೊರೆ ಫರ್ಡಿನೆಂಡ್ (ಊರು ಗೆದ್ದ ಮೂರನೇ ಫರ್ಡಿನೆಂಡ್ ಅಲ್ಲ) ಮುಂದೆ, ಪಶ್ಚಿಮಕ್ಕೆ ಹೋಗಿ ಇಂಡಿಯಾ ಕಡೆ ತಲುಪುತ್ತೇನೆ ಅಂತ ಹಣ ಕೇಳಿದ್ದು ಇಲ್ಲಿನ ಅಲ್ಕಾಸರ್ ಅರಮನೆಯಲ್ಲಿ. ಅದೇ ಕಟ್ಟಡದಲ್ಲಿ, ಧರ್ಮದ್ರೋಹದ ವಿಚಾರಣೆ ನಡೆಸುತ್ತಿದ್ದ ಇನ್‌ಕ್ವಿಸಿಷನ್ ನ್ಯಾಯಮಂಡಳಿ ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಕೂತಿತ್ತು. ಈಗ ಜನ ಹೋಗುವುದು ಹಿಂದಿನ ತೋಟ, ಕೊಳಗಳಿಗಾಗಿ.

ಬೆಂಗಳೂರಿನಿಂದ ಹೋಗುವುದು ಹೇಗೆ?

ದುಬೈ, ದೋಹಾ, ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್ ಮೂಲಕ ಮ್ಯಾಡ್ರಿಡ್ ತಲುಪಿ. ಅಲ್ಲಿನ ಅತೋಚಾ ನಿಲ್ದಾಣದಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ ಕಾರ್ಡೋಬಾ. 1992ರಲ್ಲಿ ಸ್ಪೇನ್ ತೆರೆದ ಮೊದಲ ವೇಗದ ರೈಲು ಮಾರ್ಗವೇ ಇದು. ಸೆವಿಲ್‌ನಿಂದ ಮುಕ್ಕಾಲು ಗಂಟೆ, ಮಾಲಗಾದಿಂದ ಸುಮಾರು ಒಂದು ಗಂಟೆ. ಒಂದಕ್ಕಿಂತ ಹೆಚ್ಚು ಕಂಪನಿಗಳ ರೈಲು ಓಡುತ್ತವೆ, ಬೇಗ ಕೊಂಡರೆ ಅಗ್ಗ.

ಷೆಂಗೆನ್ ವೀಸಾ, ಅಂದರೆ ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಏಪ್ರಿಲ್-ಮೇ ಪ್ರವಾಸಕ್ಕೆ ವೀಸಾ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಅದನ್ನು ಮೊದಲು ಹಿಡಿಯಿರಿ.

ಮಂಡಿ ನೋವಿರುವ ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಹೋಗಬಹುದು. ಊರು ಹೆಚ್ಚುಕಡಿಮೆ ಸಮತಟ್ಟು, ಗ್ರನಾಡಾದಂತೆ ಏರು ಹತ್ತುವುದಿಲ್ಲ. ಆದರೆ ನೆಲ ಉರುಟು ಕಲ್ಲಿನದು. ಗಟ್ಟಿ ತಳದ ಶೂ ಹಾಕಿಸಿ. ಮಸೀದಿಯ ಒಳಗೆ ನೆಲ ಸಮ ಇದೆ. ಕೋಣೆ ಹಳೇ ಊರಿನ ಅಂಚಿನಲ್ಲಿದ್ದರೆ ಟ್ಯಾಕ್ಸಿ ಬಾಗಿಲವರೆಗೆ ಬರುತ್ತದೆ.

ಮೋಸ, ಕಳ್ಳತನ?

ಮಸೀದಿಯ ಹತ್ತಿರ ಹೆಂಗಸರು ರೋಸ್‌ಮೇರಿ ಕಡ್ಡಿಯನ್ನು ಕೈಗೆ ತುರುಕಿ, ಭವಿಷ್ಯ ಹೇಳಿ, ದುಡ್ಡು ಕೇಳುತ್ತಾರೆ. ಕೈ ಚಾಚಬೇಡಿ, ಸುಮ್ನೆ ನಡೆಯಿರಿ. ಜಾತ್ರೆಯ ಗದ್ದಲದಲ್ಲಿ ಜೇಬು ನೋಡಿಕೊಳ್ಳಿ.

ಬುಕಿಂಗ್ ಮಾಡುವಾಗ ಎಚ್ಚರ ವಹಿಸಬೇಕಾದ್ದು ಏನಾದರೂ?

ಅರ್ಜೆಂಟೀನಾದಲ್ಲೂ ಒಂದು ಕಾರ್ಡೋಬಾ ಇದೆ, ಅದು ಇದಕ್ಕಿಂತ ದೊಡ್ಡ ನಗರ. ವಿಮಾನದ ಆ್ಯಪ್‌ಗಳಲ್ಲಿ 'ಸಿ ಒ ಆರ್' ಅನ್ನುವ ಗುರುತು ಅದರದ್ದು. ಹೋಟೆಲ್ ಕಾಯ್ದಿರಿಸುವಾಗಲೂ ದೇಶದ ಹೆಸರು ಸ್ಪೇನ್ ಅಂತಲೇ ಇದೆಯಾ ನೋಡಿ, ಆಮೇಲೆ ಹಣ ಕಟ್ಟಿ.